ಎತ್ತೋಣ, ಸರ್

ಮನುಷ್ಯನಿಗೆ ಹೆಗಲೆಂಬ ಅವಯವವೊಂದು ಉಂಟೆಂಬುದು ಐವತ್ತರ ಆಚೀಚೆಯವರೆಗೆ ಸಾಮಾನ್ಯವಾಗಿ ಅವನ ಗಮನಕ್ಕೆ ಬಾರದು; ಒಂದು ದಿನ ಬೆಳಗ್ಗೆ ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದಾಗಲೋ, ಅಂಗಿಯ ಎರಡನೆಯ ತೋಳಿಗಾಗಿ ಬೆನ್ನ ಹಿಂದೆ ತಡಕಾಡಿದಾಗಲೋ, ಅದು ತನ್ನ ಅಸ್ತಿತ್ವವನ್ನು ಒಂದು ಚೀತ್ಕಾರದ ಮೂಲಕ ಪ್ರಕಟಪಡಿಸುತ್ತದೆ. ಚೀತ್ಕಾರವು ನಮ್ಮದೇ ಎಂಬುದು ಬೇರೆ ಮಾತು. ಅನಂತರ ನೀಲಗಿರಿ ಎಣ್ಣೆ, ಉಪ್ಪಿನ ಶಾಖ, "ವಾಯು ಕಣ್ರೀ, ಆಲೂಗಡ್ಡೆ ಬಿಡಿ" ಎಂಬ ನೆರೆಮನೆಯ ಉಪದೇಶ, ಇವೆಲ್ಲವನ್ನೂ ದಾಟಿ, ಮೂಳೆ ಡಾಕ್ಟರು ಚೀಟಿಯಲ್ಲಿ ಎರಡು ಸಾಲು ಗೀಚಿ ಕೈಯೆತ್ತಿಬಿಟ್ಟ ಮೇಲೆ, ರೋಗಿಯು ಕೈಯೆತ್ತಿಸುವವರ ಸನ್ನಿಧಿಗೆ ಬಂದು ಸೇರುತ್ತಾನೆ. ಅವರೇ ಫಿಸಿಯೋಥೆರಪಿಸ್ಟರು, ನಾಲಗೆ ಹೊರಳದ ನನ್ನಂಥವರ ಬಾಯಲ್ಲಿ, ಫಿಜಿಯೋ.

ಬೆಂಗಳೂರಿನ ಯಾವ ಬಡಾವಣೆಯಲ್ಲಿದ್ದರೂ ಈ ಮಹನೀಯರ ಆಸ್ಥಾನ ಒಂದೇ ತೆರನಾದುದು: ಹಸಿರು ಪರದೆ, ಸೂರಿನಿಂದ ಇಳಿಬಿಟ್ಟ ರಾಟೆ ಮತ್ತು ಹಗ್ಗ, ಬೆರಳುಗಳು ಹತ್ತಿಳಿಯಲೆಂದು ಗೋಡೆಗೆ ಹೊಡೆದ ಪುಟ್ಟ ಏಣಿ, ಕುದಿನೀರಿನಲ್ಲಿ ಹಬೆಯಾಡುವ ಶಾಖದ ಚೀಲಗಳು. ಮಹನೀಯರ ವಯಸ್ಸು ಮೂವತ್ತರೊಳಗೆ, ಮುಖದಲ್ಲಿ ಅಖಂಡ ಮಂದಹಾಸ, ಹಸ್ತದಲ್ಲಿ ಕಮ್ಮಾರನ ಬಲ. ಆದರೆ ಇವರ ನಿಜವಾದ ಉಪಕರಣ ಹಸ್ತವಲ್ಲ, ಮಾತು. ಆ ಮಾತಿನ ವ್ಯಾಕರಣವನ್ನು ನಾನು ಒಂದೂವರೆ ವರ್ಷ, ವಾರಕ್ಕೆ ಎರಡು ಪಾಠದಂತೆ, ಅಂಗಾತ ಮಲಗಿಯೇ ಅಭ್ಯಾಸಮಾಡಿರುವೆನಾದ್ದರಿಂದ ಅದನ್ನು ಕುರಿತು ನಾಲ್ಕು ಮಾತಾಡಲು ಅಧಿಕಾರವುಳ್ಳವನೆಂದು ತಿಳಿಯುತ್ತೇನೆ.

ಮೊದಲನೆಯದಾಗಿ, ಇವರಲ್ಲಿ ಏಕವಚನವೆಂಬುದೇ ಇಲ್ಲ. "ಕೈ ಎತ್ತೋಣ, ಸರ್. ಈಗ ತಿರುಗಿಸೋಣ. ಸ್ವಲ್ಪ ತಡ್ಕೊಳ್ಳೋಣ." ಕ್ರಿಯಾಪದ ಇಬ್ಬರದು, ನೋವು ಮಾತ್ರ ಒಬ್ಬನದು. ಇನ್ನು "ಸ್ವಲ್ಪ" ಎಂಬ ಪದಕ್ಕೆ ನಿಘಂಟುಕಾರರು ಕೊಟ್ಟಿರುವ ಅರ್ಥವನ್ನು ಹೊಸ್ತಿಲಾಚೆಯೇ ಪಾದರಕ್ಷೆಯೊಡನೆ ಬಿಟ್ಟುಬರತಕ್ಕದ್ದು. "ಲಾಸ್ಟ್ ಒಂದು, ಸರ್" ಎಂಬುದು ಅಂತ್ಯಸೂಚಕವಲ್ಲ. ಅದೊಂದು ಬಗೆಯ ಮಂಗಳಾಚರಣೆ. ಹತ್ತು ಎಣಿಸುವವರೆಗೆ ಹಿಡಿದಿರುತ್ತೇನೆಂದು ಆರಂಭಿಸುವರು, ಏಳು, ಎಂಟು ಎನ್ನುವಷ್ಟರಲ್ಲಿ ಪರದೆಯಾಚೆಯಿಂದ "ಡಾಕ್ಟ್ರೇ, ಮಷೀನ್ ಆಫಾಯ್ತು" ಎಂದು ಯಾರೋ ಕೂಗುವರು, ಅದಕ್ಕೆ ಸಮಾಧಾನ ಹೇಳಿ ಹಿಂದಿರುಗಿ, "ಎಲ್ಲಿದ್ವಿ? ಹಾಂ, ಐದು" ಎಂದು ಮುಂದುವರಿಸುವರು. ಕಾಲಚಕ್ರವು ಹಿಮ್ಮುಖವಾಗಿ ತಿರುಗುವುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ.

"ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ?" ಎಂದು ಕೇಳುವುದೂ ಒಂದು ಪದ್ಧತಿ. ನನ್ನ ವ್ಯಥೆಗೆ ತಕ್ಕ ಮರ್ಯಾದೆ ದೊರೆಯಲೆಂದು ಮೊದಲ ದಿನ ಒಂಬತ್ತು ಕೊಟ್ಟೆ. ಅದನ್ನು ಇಳಿಸಲು ಅವರು ತೋರಿದ ಉತ್ಸಾಹವನ್ನು ಅನುಭವಿಸಿದವನಾಗಿ ಮರುದಿನದಿಂದ ಎರಡಕ್ಕಿಂತ ಹೆಚ್ಚು ಕೊಟ್ಟವನಲ್ಲ.

ಇವೆಲ್ಲಕ್ಕಿಂತ ಭಯಂಕರವಾದುದು ಕುಶಲಪ್ರಶ್ನೆ. ತೋಳನ್ನು ಎರಡು ಕೈಯಲ್ಲೂ ಹಿಡಿದು, ಛಾವಣಿಯನ್ನು ನೋಡುತ್ತ, ಅತ್ಯಂತ ಆತ್ಮೀಯವಾಗಿ "ನಿಮ್ಮೂರು ಯಾವುದು, ಸರ್?" ಎನ್ನುವರು. ನಾನು ಸಂತೋಷದಿಂದ "ತುಮಕೂರು ಜಿಲ್ಲೆಯ ತಿಪ..." ಎನ್ನುವುದರೊಳಗಾಗಿ ಭುಜವು ಹಿಂದೆಂದೂ ಹೋಗದಿದ್ದ ದಿಕ್ಕಿಗೆ ಹೋಗಿ ಬಂದಿರುವುದು. ಗಮನವು ಬೇರೆಡೆಯಿದ್ದರೆ ಸ್ನಾಯುಗಳು ಬಿಗಿಯುವುದಿಲ್ಲವೆಂಬುದು ಇದರ ಹಿಂದಿನ ಶಾಸ್ತ್ರವಂತೆ. ತಿಪಟೂರೆಂಬ ನನ್ನ ಊರಿನ ಉತ್ತರಾರ್ಧವು ಇಂದಿಗೂ ಅವರಿಗೆ ತಿಳಿದಂತಿಲ್ಲ.

ಆದರೂ ಇವರ ಮಾತನ್ನು ಬರಿಯ ವಂಚನೆಯೆಂದು ಬಗೆದರೆ ತಪ್ಪಾದೀತು. ಇದಕ್ಕೆ ಮುಂಚೆ ನಾನು ಬೇರೊಬ್ಬರಲ್ಲಿಗೆ ಹೋಗಿದ್ದೆ. ಆತನು ಎಂ.ಆರ್.ಐ. ಚಿತ್ರವನ್ನು ಬೆಳಕಿಗೆ ಹಿಡಿದು ಗಂಭೀರವಾಗಿ "ಹರಿದಿದೆ" ಎಂದನು. ಅಷ್ಟೇ, ಅಲ್ಲಿಂದ ಒಂದು ತಿಂಗಳು ನಾನು ತೋಳನ್ನು ಹಳೆಯ ಪಂಚೆಯಂತೆ, ಇನ್ನಷ್ಟು ಹರಿದೀತೆಂಬ ಭೀತಿಯಿಂದ, ಮಡಿಸಿ ಎದೆಗವಚಿಕೊಂಡು ತಿರುಗಿದೆ. ನಮ್ಮ ತರುಣರು ಅದೇ ಚಿತ್ರವನ್ನು ನೋಡಿ "ಇದು ತಲೆಗೂದಲು ನರೆತ ಹಾಗೆ, ಸರ್. ನೋವೇ ಇಲ್ಲದೋರ ಭುಜ ತೆಗೆದು ನೋಡಿದ್ರೂ ಎಷ್ಟೋ ಜನಕ್ಕೆ ಹೀಗೇ ಇರುತ್ತೆ. ನಿಮ್ಮ ತೊಂದರೆ ಬೇರೆ, ಫ್ರೋಜನ್ ಶೋಲ್ಡರ್" ಎಂದರು. ತೋಳು ಅಂದೇ ಒಂದು ಗೇಣು ಮೇಲೆದ್ದಿತು. ಒಂದು ಕ್ರಿಯಾಪದವನ್ನು ಕಿತ್ತೆಸೆದುದೇ ಆ ದಿನದ ಚಿಕಿತ್ಸೆ.

ಈ ವ್ಯಾಧಿಗೆ ನಾಮಧೇಯಗಳಿಗೇನೂ ಕೊರತೆಯಿಲ್ಲ. 1872ರಲ್ಲಿ ಪ್ಯಾರಿಸ್ಸಿನ ಡ್ಯೂಪ್ಲೇ ಎಂಬ ವೈದ್ಯನು ಇಟ್ಟ ಪೆರಿಆರ್ಥ್ರೈಟಿಸ್ ಎಂಬ ಹೆಸರನ್ನು ನಮ್ಮ ಡಾಕ್ಟರುಗಳು ಇಂದಿಗೂ ಚೀಟಿಯಲ್ಲಿ ಬರೆಯುತ್ತಾರೆ. ಹೆಗಲು ಹೆಪ್ಪುಗಟ್ಟಿತೆಂಬ ಹೆಸರು 1934ರಲ್ಲಿ ಭುಜವೊಂದನ್ನೇ ಕುರಿತು ದೊಡ್ಡ ಗ್ರಂಥ ಬರೆದ ಬಾಸ್ಟನ್ನಿನ ಕಾಡ್‌ಮನ್ನನದು. ಜಪಾನೀಯರು ಸುತ್ತುಬಳಸಿಲ್ಲದೆ ಐವತ್ತರ ಭುಜವೆಂದು ಕರೆದು ಕೈತೊಳೆದುಕೊಂಡಿದ್ದಾರೆ. ಹಿಮವನ್ನೇ ಕಾಣದ ನಮ್ಮ ನಾಡಿನಲ್ಲಿ ಹೆಪ್ಪುಗಟ್ಟುವಿಕೆಯನ್ನು ಬೋಧಿಸುವುದು ಸುಲಭವಲ್ಲವಾದ್ದರಿಂದ ಫಿಜಿಯೋ ಮಹಾಶಯರು ಜನವರಿತು ಉಪಮೆ ಬಳಸುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರಿಗೆ ಅದು ಮೂರು ವರ್ಷದವರೆಗೂ ಎಳೆಯಬಹುದಾದ ಸಾಲ, ಕಂತು ತಪ್ಪಿಸಬಾರದು. ಪಕ್ಕದ ಮಂಚದ ಅಜ್ಜಿಗೆ "ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಲ್ವಾ, ಹಂಗೇ ಅಜ್ಜಿ" ಎಂದರು. ಅಜ್ಜಿ ಕ್ಷಣಕಾಲ ಯೋಚಿಸಿ, "ಎಣ್ಣೆ ಗಟ್ಟಿಯಾದ್ರೆ ಶೀಶೇನ ಬಿಸಿಲಿಗಿಡ್ತೀವಿ ಮಗು, ಅದರ ಕತ್ತು ತಿರುಚ್ತೀವಾ?" ಎಂದರು. ಪರದೆಗಳೆಲ್ಲ ನಕ್ಕವು. ಉಪಮಾಲಂಕಾರದಲ್ಲಿ ಇಷ್ಟು ಸಮೂಲವಾಗಿ ಪರಾಜಿತನಾದ ಪಂಡಿತನನ್ನು ನಾನು ಕಂಡಿರಲಿಲ್ಲ. ನೋವು ಉಲ್ಬಣಿಸಿರುವ ಮೊದಲ ಘಟ್ಟದಲ್ಲಿ ಬಲಾತ್ಕಾರ ಸಲ್ಲದೆಂಬುದು ಅವರಿಗೂ ಗೊತ್ತಿದ್ದುದೇ. ಅಂದು ಅಜ್ಜಿಗೆ ಶಾಖ ಕೊಟ್ಟು, ಬಾಗಿ ನಿಂತು ತೋಳನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವ, ಆ ಕಾಡ್‌ಮನ್ನನದೇ ಅಭ್ಯಾಸವನ್ನು ಮಾಡಿಸಿ ಕಳುಹಿಸಿದರು.

"ಮನೇಲಿ ಎಕ್ಸರ್‌ಸೈಜ್ ಮಾಡಿದ್ರಾ?" ಎಂಬುದಕ್ಕೆ ನನ್ನ ಉತ್ತರ ಯಾವಾಗಲೂ "ಮೂರು ಹೊತ್ತೂ" ಎಂದೇ. ನಂಬಿದವರಂತೆ ಅವರೂ ತಲೆಯಾಡಿಸಿ, ಕೋನಮಾಪಕವನ್ನು ತೋಳಿಗೆ ಹಿಡಿದು, "ಹೋದ ವಾರಾನೂ 95, ಈ ವಾರಾನೂ 95. ಪರವಾಗಿಲ್ಲ ಸರ್, ಕಮ್ಮಿ ಆಗಿಲ್ಲ" ಎನ್ನುವರು. ಇದಕ್ಕಿಂತ ಸೌಜನ್ಯಯುಕ್ತವಾದ ಛೀಮಾರಿಯನ್ನು ನಾನು ಕೇಳಿಲ್ಲ.

ಅಂತೂ ಹದಿನೆಂಟನೆಯ ತಿಂಗಳಲ್ಲಿ ತೋಳು ಕಿವಿಗೆ ತಾಗಿ ನಿಂತಿತು. ಈ ವ್ಯಾಧಿ ಬಹುಮಟ್ಟಿಗೆ ತನ್ನ ಕಾಲಕ್ಕೆ ತಾನೇ ಸಡಿಲುವುದೂ ಉಂಟೆಂದು ಎಲ್ಲೋ ಓದಿದ್ದ ನಾನು, ಯಶಸ್ಸು ಯಾರಿಗೆ ಸಲ್ಲಬೇಕೆಂದು ಮೆಲ್ಲಗೆ ಕೇಳಿದೆ. "ನಾವು ಎತ್ತಿದ್ವಲ್ಲ, ಸರ್" ಎಂದರು. ಹಣ ತೆರುವಾಗ ಮಾತ್ರ ಕರ್ತೃಪದ ಏಕವಚನದಲ್ಲಿತ್ತು.

ಮೊನ್ನೆ ಬಂಧುಗಳ ಮನೆಯ ಮದುವೆಯಲ್ಲಿ ಊಟಕ್ಕೆ ಕುಳಿತಿದ್ದೆ. ಪಂಕ್ತಿಯಲ್ಲಿ ಎಡಕ್ಕಿದ್ದ ಹಿರಿಯರು, ಎಲೆಗೆ ನೀರು ಚಿಮುಕಿಸುತ್ತ, ನನ್ನತ್ತ ಬಾಗಿ, "ತಮ್ಮ ಊರು ಯಾವುದಾಯ್ತು?" ಎಂದರು. ನನ್ನ ಬಲತೋಳು ಯಾರ ಅಪ್ಪಣೆಗೂ ಕಾಯದೆ ಪಕ್ಕೆಗೆ ಬಂದು ಬಿಗಿದುಕೊಂಡಿತು. ಮೊಣಕೈ ಬಡಿದ ರಭಸಕ್ಕೆ, ಅದೇ ಕ್ಷಣದಲ್ಲಿ ಬಾಗಿದ್ದ ಬಡಿಸುವವನ ಸೌಟಿನ ಪಾಯಸವಷ್ಟೂ ಬಲಗಡೆ ಕುಳಿತಿದ್ದ ಬೀಗರ ರೇಷ್ಮೆ ಪಂಚೆಯ ಮೇಲೆ ಬಿದ್ದಿತು.