ಲ್ಯಾಮಿನೇಟ್ ನೆಲದ ಅಧಃಸ್ತರ ಮೀಮಾಂಸೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಮೂರು ಮಿಲಿಮೀಟರ್. ಲ್ಯಾಮಿನೇಟ್ ಹಲಗೆಗೂ ಕಾಂಕ್ರೀಟಿಗೂ ನಡುವೆ ಅಡಗಿರುವ ಅಂಡರ್‌ಲೇ ಎಂಬ ಪದರವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ, ಗಟ್ಟಿಯಾದ ತಾತ್ತ್ವಿಕ ತಳಹದಿಯ ಮೇಲೆ ನಿಂತು (ತಳಹದಿ ಒಣಗಿದೆಯೆಂದು ಸದ್ಯಕ್ಕೆ ಭಾವಿಸೋಣ) ಅನುಸಂಧಾನ ಮಾಡುವುದು ನಮ್ಮ ಘನ ಉದ್ದೇಶ.

ಮೊದಲಿಗೆ ಪರಂಪರೆ. 1977ರಲ್ಲಿ ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿ ಕಂಡುಹಿಡಿದ ಈ ನೆಲದ ಒಡಲು ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಅದರ ಮೇಲೆ ಮರದ ಫೋಟೊ. ಫೋಟೊ ಮೇಲೆ ಮೆಲಮೈನ್ ಲೇಪ. ಮರದ ಪುಡಿಗೆ ಮರದ್ದೇ ಚಿತ್ರ ಅಂಟಿಸಿ ಮರವೆಂದು ನಂಬಿಸುವ ಈ ಸಾಧನೆಯ ಮುಂದೆ ವೇದಾಂತಿಗಳ ಹಗ್ಗ-ಹಾವು ನಿವೃತ್ತಿ ಪಡೆಯಬಹುದು.

ಇನ್ನು ಅಧಃಸ್ತರದ ವರ್ಗೀಕರಣ. ಶೋರೂಮಿನ ಆಚಾರ್ಯರ ಪ್ರಕಾರ ಪಂಥಗಳು ಏಳು. ಪ್ರಥಮವು ಇಪಿಇ ಫೋಮ್: ಬಿಳಿ, ಹಗುರ, ಅಗ್ಗ, ವರ್ಷ ಕಳೆದಂತೆ ಚಪ್ಪಟೆ. ದ್ವಿತೀಯವು ಐಎಕ್ಸ್‌ಪಿಇ: ಗುಳ್ಳೆ ಸಣ್ಣವು, ಬೆಲೆ ದೊಡ್ಡದು. ತೃತೀಯವು ಕಾರ್ಕ್, ಪೋರ್ಚುಗಲ್ ಕಡೆಯ ಓಕ್ ಮರದ ತೊಗಟೆ. ಹೆಜ್ಜೆ ಸಪ್ಪಳವನ್ನು ಚೆನ್ನಾಗಿ ನುಂಗುತ್ತದೆ, ಆದರೆ ಕಾಂಕ್ರೀಟಿನ ಮೇಲೆ ಹಾಸಲು ಅದರ ಕೆಳಗೊಂದು ಪ್ಲಾಸ್ಟಿಕ್ ಹಾಳೆ ಬೇಕು. ಚತುರ್ಥವು ರಬ್ಬರು. ಪಂಚಮವು ಪ್ರಥಮವೇ, ಬೆಳ್ಳಿ ಬಣ್ಣದ ಹಾಳೆ ಹೊದ್ದು ‘ಅಕೌಸ್ಟಿಕ್ ಕಂಫರ್ಟ್ ಸೊಲ್ಯೂಷನ್’ ಎಂದು ದ್ವಿಜತ್ವ ಪಡೆದದ್ದು. ಉಳಿದೆರಡನ್ನು ಓದುಗರು ತಾವೇ ಊಹಿಸಿಕೊಳ್ಳಲಿ, ನನಗೆ ಸಾಕಾಯಿತು.

ಆಚಾರ್ಯರ ಮಹಾವಾಕ್ಯವೊಂದಿದೆ: ‘ದಪ್ಪ ಇದ್ದಷ್ಟೂ ಒಳ್ಳೇದು ಸಾರ್.’ ಖಂಡನೆ: ಮೆತ್ತನೆಯ ದಪ್ಪ ಹಾಸಿನ ಮೇಲೆ ಕಾಲಿಟ್ಟಾಗಲೆಲ್ಲ ಹಲಗೆ ಕುಸಿದು ಏಳುತ್ತದೆ, ಆ ಭಾರವನ್ನೆಲ್ಲ ಹೊರುವುದು ಒಂದಕ್ಕೊಂದು ಕಚ್ಚಿಕೊಂಡ ತೆಳು ಲಾಕು. ಅದು ಮುರಿದರೆ ಸಂದು ಬಾಯಿ ಬಿಡುತ್ತದೆ. ಹಲಗೆಯ ಬೆನ್ನಿಗೇ ಫೋಮು ಅಂಟಿ ಬಂದಿದ್ದರೆ ಇನ್ನೊಂದು ಪದರ ಹಾಸಲೇಬಾರದು. ಇದನ್ನು ಹೇಳಿದರೆ ವ್ಯಾಪಾರ ಕೆಡುತ್ತದೆ, ಹಾಗಾಗಿ ಇದು ಗುಹ್ಯವಿದ್ಯೆ.

ಕೇಳಬೇಕಾದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೆಳಗಿನ ಕಾಂಕ್ರೀಟು ಒಣಗಿದೆಯೇ? ಎರಡಡಿ ಚೌಕದ ಪಾಲಿಥೀನ್ ತುಂಡು ಹಾಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ, ಮರುದಿನ ಎತ್ತಿ ನೋಡಿ. ಒಳಗೆ ಹನಿ ಕಟ್ಟಿದ್ದರೆ, ನೆಲ ಕಪ್ಪಾಗಿದ್ದರೆ, ಕಾಯಬೇಕು. ಸ್ಲ್ಯಾಬು ಒಣಗಲು ಇಂಚಿಗೊಂದು ತಿಂಗಳು ಎಂಬುದು ಹಳೆಯ ಅಂದಾಜು. ಕಾಯಲು ಯಾರಿಗೆ ಪುರುಸೊತ್ತು? ಗೃಹಪ್ರವೇಶದ ಕಾರ್ಡು ಅಚ್ಚಾಗಿದೆ; ಬಿಲ್ಡರಿಗೆ ಕೀಲಿಕೈ ಕೊಟ್ಟು ಕೈತೊಳೆದುಕೊಳ್ಳುವ ಆತುರ. 0.2 ಮಿಲಿಮೀಟರಿನ ಪಾಲಿಥೀನ್ ಹಾಳೆಯನ್ನು ಒಂದರ ಮೇಲೊಂದು ಗೇಣಗಲ ಬರುವಂತೆ ಹಾಸಿ ಟೇಪು ಹಾಕುವ ಕೆಲಸವನ್ನೂ ‘ಯಾರು ನೋಡ್ತಾರೆ’ ಎಂದು ಬಿಟ್ಟುಬಿಡುತ್ತಾರೆ.

ನೋಡಿದವನೊಬ್ಬನಿದ್ದ. ಮಂಗಳೂರಿನ ನೆಲಮಹಡಿಯ ಫ್ಲಾಟೊಂದಕ್ಕೆ ಹಲಗೆ ಜೋಡಿಸಲು ಬಂದ ಬಿಹಾರದ ಹುಡುಗ ಮಂಡಿಯೂರಿ ಕುಳಿತು, ಅಂಗೈಯನ್ನು ನೆಲಕ್ಕೆ ಒತ್ತಿ, ಪ್ಯಾಂಟಿಗೆ ಒರೆಸಿಕೊಂಡು ‘ಗೀಲಾ ಹೈ ಸಾಬ್’ ಎಂದ. ಮೈಕ್ರಾನು, ಡೆಸಿಬೆಲ್ಲುಗಳನ್ನು ಬಾಯಿಪಾಠ ಮಾಡಿದ್ದ ಸೂಪರ್‌ವೈಸರು ‘ಹಾಕೋ, ಹಾಕೋ’ ಎಂದರು. ಆಷಾಢ ಬಂತು. ಹಲಗೆಗಳ ಅಂಚು ಊದಿಕೊಂಡು ನಡುಮನೆಯ ನೆಲ ಗುಡಾರದಂತೆ ಎದ್ದು ನಿಂತಿತು. ತೇವದಿಂದಾದ ಹಾನಿ ವಾರಂಟಿಗೆ ಒಳಪಡುವುದಿಲ್ಲವೆಂದು ಕಾರ್ಡಿನ ಸಣ್ಣಕ್ಷರ ಮೊದಲೇ ಹೇಳಿತ್ತು. ತಪ್ಪು ಯಾರದೆಂದು ಎಲ್ಲರೂ ಕೂತು ತೀರ್ಮಾನಿಸಿದರು: ಜೋಡಿಸಿದವನದು. ಅಷ್ಟೂ ಜನರಲ್ಲಿ ನೆಲ ಮುಟ್ಟಿ ನೋಡಿದ್ದವನು ಅವನೊಬ್ಬನೇ, ಸ್ವಾಮಿ! ಅವನ ಕೂಲಿ ಹಿಡಿದುಕೊಂಡರು. ಅಂಡರ್‌ಲೇ ಬಿಲ್ಲು ಜಿಎಸ್‌ಟಿ ಸಮೇತ ಆಗಲೇ ಪಾವತಿಯಾಗಿತ್ತು.