ನಾಲ್ಕು ತೂತು, ನಾಲ್ಕು ಕೈ

ಹೊಟ್ಟೆಯ ಆಪರೇಷನ್ ಆದವರನ್ನು ನೋಡಲು ಹೋಗುವ ನೆಂಟರು ಮೊದಲೆಲ್ಲ ಒಂದು ಡಜನ್ ಮೂಸಂಬಿ ಹಿಡಿದು ಹೋಗಿ, "ಈಗ ಹೇಗಿದ್ದೀರಿ?" ಎಂದು ಕೇಳುತ್ತಿದ್ದರು. ಮೂಸಂಬಿ ಉಳಿದಿದೆ, ಪ್ರಶ್ನೆ ಬದಲಾಗಿದೆ. ಈಗ ಕೇಳುವುದು, "ಓಪನ್ನಾ, ಲ್ಯಾಪ್ರೋಸ್ಕೋಪಿನಾ, ರೋಬೋಟಾ?" ರೋಬೋಟ್ ಎಂದರೆ ಹುಬ್ಬು ಮೇಲೇರಿ, ಅಳಿಯನ ಕಂಪನಿಯ ಇನ್ಷೂರೆನ್ಸ್ ಬಗ್ಗೆ ಗೌರವ ಮೂಡುತ್ತದೆ. ಲ್ಯಾಪ್ರೋಸ್ಕೋಪಿ ಎಂದರೆ ಪರವಾಗಿಲ್ಲ, ಮರ್ಯಾದಸ್ಥರು. ಓಪನ್ ಎಂದಿರೋ, "ಅಯ್ಯೋ, ಮೊದಲೇ ಒಂದು ಮಾತು ಹೇಳಬಾರದಿತ್ತಾ? ನಮಗೆ ಗೊತ್ತಿರೋ ಡಾಕ್ಟ್ರಿದ್ರು." ರೋಗಿ ಗುಣವಾಗಿ ಎದುರಿಗೇ ಕೂತು ಇಡ್ಲಿ ತಿನ್ನುತ್ತಿರುವುದು ಲೆಕ್ಕಕ್ಕೆ ಬರುವುದಿಲ್ಲ.

ನೆಂಟರನ್ನು ದೂರಿ ಫಲವಿಲ್ಲ. ಅವರಿಗೆ ಪಾಠ ಹೇಳಿಕೊಟ್ಟದ್ದು ದೊಡ್ಡ ಆಸ್ಪತ್ರೆಗಳ ಕೌನ್ಸೆಲಿಂಗ್ ಮೇಜು. ಅಲ್ಲಿ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ ಇರುತ್ತದೆ. ಅದರಲ್ಲಿ ಮೂರು ಅಂಕಣ, ಮೂರು ಪ್ಯಾಕೇಜು, ಮೂರನೆಯದಕ್ಕೆ ಮಾತ್ರ ಬಣ್ಣದ ಫೋಟೋ. ಪಿತ್ತಕೋಶದ ಕಲ್ಲಿನಿಂದ ಒದ್ದಾಡುತ್ತಿರುವ ತಾಯಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಮಗ ಕೇಳುತ್ತಾನೆ, "ಮೇಡಂ, ಯಾವುದರಲ್ಲಿ ರಿಸ್ಕ್ ಕಮ್ಮಿ?" ಉತ್ತರ ಥಟ್ಟನೆ ಬರುತ್ತದೆ: "ಸರ್, ರೋಬೋಟಿಕ್‌ನಲ್ಲಿ ತ್ರೀ-ಡಿ ಕ್ಯಾಮೆರಾ ಇದೆ, ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ." ಅವನು ಕೇಳಿದ್ದು ಅಮ್ಮನ ಬಗ್ಗೆ, ಸಿಕ್ಕಿದ್ದು ಕ್ಯಾಮೆರಾದ ಬಗ್ಗೆ. ಮತ್ತೆ ಬಾಯಿ ತೆರೆಯುವುದರೊಳಗೆ ಕೊನೆಯ ಬಾಣ: "ಅಮ್ಮನ ವಿಷಯದಲ್ಲಿ ಯಾಕೆ ಸರ್ ಕಾಂಪ್ರಮೈಸ್ ಮಾಡ್ಕೋತೀರಾ?" ಇದಕ್ಕೆ ಎದುರು ಹೇಳುವ ಮಗ ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ.

ಈ ಪಿತ್ತಕೋಶಕ್ಕೆ ದೊಡ್ಡ ಚರಿತ್ರೆಯೇ ಇದೆ. ಅದನ್ನು ಮೊದಲು ಹೊಟ್ಟೆ ಕೊಯ್ದು ಹೊರತೆಗೆದವನು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ಮುಂದೆ ನೂರು ವರ್ಷ ಎಲ್ಲರೂ ಕೊಯ್ದರು. 1985ರಲ್ಲಿ ಅದೇ ಜರ್ಮನಿಯ ಎರಿಖ್ ಮ್ಯೂಹೆ ತೂತು ಕೊರೆದು, ಅಂದರೆ ಲ್ಯಾಪ್ರೋಸ್ಕೋಪಿಯಲ್ಲಿ, ತೆಗೆದ. ಮೆಚ್ಚುವುದು ಹಾಗಿರಲಿ, ಹಿರಿಯ ಸರ್ಜನ್‌ಗಳು ಅವನನ್ನು ಗೇಲಿ ಮಾಡಿ ಕೂರಿಸಿದರು. ನಮ್ಮಲ್ಲಿ ಮುಂಬೈಯ ಡಾ. ತೆಹೆಮ್ಟನ್ ಉದ್ವಾಡಿಯಾ 1990ರಲ್ಲಿ ಇದನ್ನು ಮಾಡಿ ತೋರಿಸಿದರು. ಅಷ್ಟರಲ್ಲಿ ಗಾಳಿ ತಿರುಗಿತ್ತು. ನಿನ್ನೆ ತೂತು ಕೊರೆಯುವವನು ಹುಚ್ಚ, ಇಂದು ಕೊರೆಯದವನು ಹಳ್ಳಿಗುಗ್ಗು. ನಡುವೆ ಕೂತು ಎರಡನ್ನೂ ತೂಗಿ ನೋಡುವ ಪುರುಸೊತ್ತು ಹೆಚ್ಚಿನವರಿಗೆ ಇರಲಿಲ್ಲ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆಲವರಿಗೆ ಆ ಪುರುಸೊತ್ತು ಇತ್ತು. ಇನ್ನೂರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು: ಒಂದು ಪಾಲಿಗೆ ಲ್ಯಾಪ್ರೋಸ್ಕೋಪಿ, ಇನ್ನೊಂದಕ್ಕೆ ಚಿಕ್ಕದಾಗಿ ಕೊಯ್ದು ಮಾಡುವ ಓಪನ್. ಆಮೇಲೆ ಎಲ್ಲರ ಹೊಟ್ಟೆಗೂ ಒಂದೇ ತರಹದ ಬ್ಯಾಂಡೇಜ್ ಅಂಟಿಸಿಬಿಟ್ಟರು. ಒಳಗಿರುವುದು ನಾಲ್ಕು ತೂತೋ ಒಂದು ಗಾಯವೋ ರೋಗಿಗೂ ಗೊತ್ತಿಲ್ಲ, ನರ್ಸಿಗೂ ಗೊತ್ತಿಲ್ಲ. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆಸ್ಪತ್ರೆಯಲ್ಲಿ ಕಳೆದ ರಾತ್ರಿಗಳು ಎರಡೂ ಕಡೆ ಮೂರೇ. ಕೆಲಸಕ್ಕೆ ಮರಳುವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎದ್ದು ಕಂಡ ವ್ಯತ್ಯಾಸ ಆಪರೇಷನ್ ಹಿಡಿದ ಸಮಯದಲ್ಲಿ: ಲ್ಯಾಪ್ರೋಸ್ಕೋಪಿಗೆ 65 ನಿಮಿಷ, ಚಿಕ್ಕ ಕೊಯ್ತಕ್ಕೆ 40. ಅಂದರೆ "ನನಗೆ ಬರೀ ತೂತು, ನಾಳೆಯೇ ಎದ್ದು ಓಡಾಡ್ತೀನಿ" ಎಂಬ ಧೈರ್ಯದಲ್ಲಿ ಒಂದು ಪಾಲು ಬ್ಯಾಂಡೇಜಿನದು. ಹಾಗೆಂದು ಲ್ಯಾಪ್ರೋಸ್ಕೋಪಿ ಮೋಸವೇನಲ್ಲ. ಹಳೆಯ ಕಾಲದ ಉದ್ದನೆಯ ಕೊಯ್ತಕ್ಕೆ ಹೋಲಿಸಿದರೆ ನೋವು ಕಡಿಮೆ, ಮನೆಗೆ ಬೇಗ ಕಳಿಸುತ್ತಾರೆ, ಇದು ನಿಜ. ಆದರೆ ಚಿಕ್ಕ ಕೊಯ್ತದ ಪ್ಯಾಕೇಜು ಆ ಲ್ಯಾಮಿನೇಷನ್ ಹಾಳೆಯಲ್ಲಿ ಇರುವುದೇ ಇಲ್ಲ. ಅದರ ಫೋಟೋ ಚೆನ್ನಾಗಿ ಬರುವುದಿಲ್ಲ.

ಈಗ ರೋಬೋಟಿಗೆ ಬರೋಣ. ರಜನಿಕಾಂತ್ ಸಿನಿಮಾದ 'ಚಿಟ್ಟಿ' ಆಪರೇಷನ್ ಥಿಯೇಟರಿಗೆ ನುಗ್ಗಿ ಅಮ್ಮನ ಕಲ್ಲು ತೆಗೆಯುತ್ತಾನೆ ಎಂದು ಹೊರಗೆ ಕಾದು ಕೂತ ಮನೆಯವರು ನಂಬಿರುತ್ತಾರೆ. ಒಳಗೆ ಅದೇ ಡಾಕ್ಟರು ನಾಲ್ಕಡಿ ಆಚೆ ಕೂತು, ಪೆಟ್ಟಿಗೆಯೊಳಗೆ ಕಣ್ಣಿಟ್ಟು, ಕಾಲಲ್ಲಿ ಪೆಡಲ್ ಒತ್ತುತ್ತಿರುತ್ತಾರೆ. ಅವರು ಕೈ ಆಡಿಸದೆ ಯಂತ್ರದ ನಾಲ್ಕು ಕೈಗಳು ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಸೂಕ್ಷ್ಮವಾಗಿ ಹೊಲಿಯಬೇಕಾದಾಗ ಇದರಿಂದ ಅನುಕೂಲವಿದೆ. ಪಿತ್ತಕೋಶಕ್ಕೆ? ಅಮೆರಿಕದ ಮೆಡಿಕೇರ್ ಯೋಜನೆಯ ಹತ್ತು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಜಾಲಾಡಿ 2023ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಹೀಗಿದೆ: ಪಿತ್ತನಾಳಕ್ಕೆ ಪೆಟ್ಟಾಗಿ ಮತ್ತೆ ಚಿಕಿತ್ಸೆ ಬೇಕಾದದ್ದು ಲ್ಯಾಪ್ರೋಸ್ಕೋಪಿಯಲ್ಲಿ ಸಾವಿರಕ್ಕೆ ಸುಮಾರು 2, ರೋಬೋಟಿನಲ್ಲಿ ಸುಮಾರು 7. ಕ್ಯಾಮೆರಾ ಹತ್ತು ಪಟ್ಟು ದೊಡ್ಡದಾಗಿ ತೋರಿಸಿದ್ದು ಇದನ್ನೇ ಇರಬೇಕು. "ಕೈ ಪಳಗಿದರೆ ಸರಿಹೋಗುತ್ತೆ" ಎನ್ನುತ್ತಾರೆ ಯಂತ್ರದ ಅಭಿಮಾನಿಗಳು. ಪಳಗುವುದು ಯಾರ ಹೊಟ್ಟೆಯ ಮೇಲೆ ಎಂದು ಮಾತ್ರ ಕೇಳಬಾರದು. ಪಿತ್ತನಾಳ ಕತ್ತರಿಸಿಹೋದವರಿಗೆ ಮುಂದೆ ಕಾಮಾಲೆ, ಸ್ಟೆಂಟು, ಕೆಲವೊಮ್ಮೆ ಇನ್ನೊಂದು ದೊಡ್ಡ ಆಪರೇಷನ್. ಅದು ಹೆಚ್ಚಾಗಿ ಓಪನ್ನೇ.

ಪಿತ್ತಕೋಶ ಬಿಟ್ಟು ಗರ್ಭಕೊರಳಿನ ಕ್ಯಾನ್ಸರಿನ ಆಪರೇಷನ್ನಿಗೆ ಬಂದರೆ, ಆ ಕಥೆ ನಗಿಸುವಂಥದ್ದಲ್ಲ. 631 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕೂವರೆ ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು ಓಪನ್ ಪಾಲಿನಲ್ಲಿ ಶೇ. 96.5, ಲ್ಯಾಪ್ರೋಸ್ಕೋಪಿ ಮತ್ತು ರೋಬೋಟ್ ಪಾಲಿನಲ್ಲಿ ಶೇ. 86. ನೆಂಟರು "ಅಯ್ಯೋ ಪಾಪ" ಎನ್ನುವ ಅದೇ ಓಪನ್.

ಇನ್ನೊಂದು ಉಂಟು. ತೂತಿನಲ್ಲಿ ಶುರು ಮಾಡಿ, ಒಳಗೆಲ್ಲ ಅಂಟಿಕೊಂಡು ದಾರಿ ಕಾಣದಾದಾಗ ಹೊಟ್ಟೆ ತೆರೆದುಬಿಡುವ ಸರ್ಜನ್ ಇದ್ದಾರಲ್ಲ, ಅವರು ಹೊರಗೆ ಬಂದು ವಿಷಯ ಹೇಳಿದ ಕೂಡಲೇ ಮನೆಯವರ ಮುಖ ಗಂಟಾಗುತ್ತದೆ. "ಕೇಸ್ ಕೆಡಿಸಿದ್ರು" ಎಂದು ಕಾರಿಡಾರಿನಲ್ಲೇ ತೀರ್ಪು. ಜೀವ ಉಳಿಸಿದ ನಿರ್ಧಾರಕ್ಕೆ ಗೂಗಲ್‌ನಲ್ಲಿ ಒಂದೇ ಸ್ಟಾರ್.

ಮುಂದಿನ ಸಲ ಆ ಮೇಜಿನ ಮುಂದೆ ಕೂರಬೇಕಾಗಿ ಬಂದರೆ ಹಾಳೆಯನ್ನು ಮಗುಚಿಟ್ಟು ಇಷ್ಟು ಕೇಳಿ: ಆಪರೇಷನ್ ಮಾಡುವವರು ಯಾರು, ಇದೇ ವಿಧಾನದಲ್ಲಿ ಎಷ್ಟು ಮಾಡಿದ್ದಾರೆ, ಎಷ್ಟು ಜನರ ಪಿತ್ತನಾಳಕ್ಕೆ ಪೆಟ್ಟಾಗಿದೆ, ಕಷ್ಟವಾದರೆ ಓಪನ್ ಮಾಡುತ್ತಾರಾ. ಮುಖ ಕೊಟ್ಟು ಉತ್ತರ ಹೇಳುವ ಡಾಕ್ಟರು ಸಿಕ್ಕರೆ ಅವರಿಗೇ ಹೊಟ್ಟೆ ಒಪ್ಪಿಸಿ, ಎಷ್ಟು ತೂತಾದರೂ ಸರಿ. ಮತ್ತೆ ಕ್ಯಾಮೆರಾದ ಮಾತೇ ಬಂದರೆ, ತುರ್ತಿಲ್ಲದಿದ್ದಲ್ಲಿ, ಸ್ಕ್ಯಾನಿಂಗ್ ಫೈಲು ಎತ್ತಿಕೊಂಡು ಎದ್ದುಬನ್ನಿ.