ಡ್ಯೂಟಿ ಬಿಡುವ ಹೊತ್ತು

ಮನೆಯಿಂದಲೇ ಕೆಲಸ ಮಾಡುವ ಪದ್ಧತಿ, ಅಂದರೆ ಸಂಬಳ ಕೊಡುವ ಕಂಪನಿ ಬೆಂಗಳೂರಿನಲ್ಲಿದ್ದು ದುಡಿಯುವ ದೇಹ ಮಾತ್ರ ಹುಟ್ಟೂರಿನ ಊಟದ ಮೇಜಿಗೆ ಆತುಕೊಂಡಿರುವ ವ್ಯವಸ್ಥೆ, ಭದ್ರಾವತಿಯ ಕಾಗದನಗರಕ್ಕೆ 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಜೊತೆಯಲ್ಲಿ ಬಂದಿಳಿಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯನ್ನು, ಊರವರ ಬಾಯಲ್ಲಿ ಎಂಪಿಎಂ ಆಗಿರುವ ಆ ಸಂಸ್ಥೆಯನ್ನು ನೆಚ್ಚಿ ಬೆಳೆದ ಈ ಬಡಾವಣೆಯಲ್ಲಿ ಆ ವೇಳೆಗೆ ಯಂತ್ರಗಳು ನಿಂತು ನಾಲ್ಕೈದು ವರ್ಷಗಳಾಗಿದ್ದವು. ಅಪ್ಪಂದಿರು ಕಾಗದ ಮಾಡಿ ಓದಿಸಿದ ಮಕ್ಕಳು ಕಾಗದವನ್ನೇ ಮುಟ್ಟದ ಕಚೇರಿಗಳಲ್ಲಿ ನೌಕರಿ ಹಿಡಿದು, ಈಗ ಒಂದೊಂದು ಲ್ಯಾಪ್‌ಟಾಪ್ ಹೊತ್ತು ಮನೆಗೆ ಮರಳಿದ್ದರು.

ಕೆಲಸವೆಂದರೆ ಏನೆಂಬುದರ ಬಗ್ಗೆ ಕಾರ್ಖಾನೆಯ ಊರಿಗೆ ಖಚಿತವಾದ ಕಲ್ಪನೆಗಳಿರುತ್ತವೆ: ಪಾಳಿಗೆ ಸರಿಯಾಗಿ ಮನೆ ಬಿಡಬೇಕು, ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇರಬೇಕು, ಗೇಟು ದಾಟಬೇಕು, ಹಿಂದಿರುಗುವಾಗ ಮುಖದ ಮೇಲೆ ಸುಸ್ತು ಕಾಣಬೇಕು. ಇವುಗಳಲ್ಲಿ ಒಂದನ್ನೂ ಪಾಲಿಸದೆ, ಕ್ಯಾಮೆರಾಕ್ಕೆ ಕಾಣುವಷ್ಟು ಭಾಗಕ್ಕೆ ಇಸ್ತ್ರಿ ಮಾಡಿದ ಶರ್ಟನ್ನೂ ಕಾಣದ ಭಾಗಕ್ಕೆ ಮಾಸಿದ ಲುಂಗಿಯನ್ನೂ ತೊಟ್ಟು, ಸಿಗ್ನಲ್ ಸಿಗುವ ಕಿಟಕಿಯ ಬಳಿ ಕೂತು ತನ್ನಷ್ಟಕ್ಕೆ ತಾನೇ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವ ಯುವಕನನ್ನು ಕಂಡ ಅಕ್ಕಪಕ್ಕದವರು, ಪಾಪ, ಕೆಲಸ ಹೋಗಿದೆಯಂತೆ ಎಂಬ ತೀರ್ಮಾನಕ್ಕೆ ಬಂದಿದ್ದರೆ ಅದನ್ನು ಅಜ್ಞಾನವೆನ್ನಲಾಗದು. ಮೀಟಿಂಗಿನ ನಡುವೆ ಕುಕ್ಕರ್ ಕೂಗುವುದು, ಮ್ಯೂಟ್ ಎಂಬ ಗುಂಡಿ, ಎಂದರೆ ತನ್ನ ದನಿ ಇತರರಿಗೆ ಕೇಳದಂತೆ ಮಾಡುವ ಉಪಾಯ, ಬೇಕಾದ ಕ್ಷಣದಲ್ಲೇ ಕೈಕೊಡುವುದು, ಸೊಪ್ಪಿನವಳೊಂದಿಗೆ ತಾಯಿ ನಡೆಸುವ ಚೌಕಾಸಿಯನ್ನು ಅಮೆರಿಕದ ಗಿರಾಕಿ ಆಲಿಸುವುದು, ಇವೆಲ್ಲ ಆ ಯುಗದ ಸರ್ವಸಾಮಾನ್ಯ ಸಂಗತಿಗಳು.

ಆಮೇಲೆ ಕಂಪನಿಗಳು ಒಂದೊಂದಾಗಿ ನೌಕರರನ್ನು ವಾಪಸು ಕರೆಸಿಕೊಂಡವು. ಕೆಲವು ವಾರದಲ್ಲಿ ಎರಡು ಮೂರು ದಿನ ಕಚೇರಿ, ಉಳಿದ ದಿನ ಮನೆ ಎಂಬ ಮಿಶ್ರತಳಿಯನ್ನು ಹೈಬ್ರಿಡ್ ಎಂಬ ಹೆಸರಿನಲ್ಲಿ ಜಾರಿಗೆ ತಂದರೆ, ಟಿಸಿಎಸ್‌ನಂಥ ಸಂಸ್ಥೆ 2023ರ ಅಕ್ಟೋಬರಿನಿಂದ ವಾರದ ಐದೂ ದಿನ ಬರಹೇಳಿತು. ಶಿವಮೊಗ್ಗದಿಂದ ನಸುಕಿನಲ್ಲೇ ಹೊರಟು ಭದ್ರಾವತಿಯನ್ನು ಹಾದು ಬೆಂಗಳೂರಿಗೆ ಓಡುವ ಜನಶತಾಬ್ದಿ ರೈಲು ಇವರನ್ನು ಹೊತ್ತೊಯ್ದಿತಾದರೂ, ಇವರೊಂದಿಗೆ ಮನೆಯ ಅಭ್ಯಾಸಗಳೂ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದವು. ಮೇಜಿನಡಿ ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕುವುದು, ಊಟವಾದ ಮೇಲೆ ಮಂಚಕ್ಕಾಗಿ ಕಣ್ಣು ಅರಸುವುದು, ಎದುರಿಗೇ ನಿಂತ ಸಹೋದ್ಯೋಗಿಯನ್ನು "ಕೇಳಿಸ್ತಾ ಇದೆಯಾ?" ಎಂದು ಕೇಳಿಯೇ ಮಾತು ಆರಂಭಿಸುವುದು ಇವುಗಳ ಕೆಲವು ಮಾದರಿಗಳು. ಇದಕ್ಕೂ ಸೋಜಿಗವೆಂದರೆ, ಮುಖಾಮುಖಿ ಮಾತಾಡಿದರೆ ಕೆಲಸ ಚುರುಕಾಗುತ್ತದೆಂಬ ಕಾರಣಕ್ಕೆ ಸುಮಾರು ಇನ್ನೂರೈವತ್ತು ಕಿಲೋಮೀಟರು ದೂರದಿಂದ ಕರೆಸಿಕೊಂಡ ಮೂವರು ಒಂದೇ ಸಾಲಿನಲ್ಲಿ ಕೂತು, ಕಿವಿಗೆ ಹೆಡ್‌ಸೆಟ್ ಏರಿಸಿ, ಪರದೆಯಲ್ಲಿ ಮೂರು ಚೌಕಗಳಾಗಿ ಪರಸ್ಪರ ನಮಸ್ಕರಿಸುವುದು. ಒಬ್ಬನ ಮಾತು ಮೊದಲು ಪಕ್ಕದ ಕುರ್ಚಿಯಿಂದಲೂ ಅರೆಗಳಿಗೆ ಬಿಟ್ಟು ಹೆಡ್‌ಸೆಟ್ಟಿನಿಂದಲೂ ಬರುವುದರಿಂದ, ಹೇಳಿದ್ದನ್ನೇ ಎರಡು ಸಲ ಕೇಳುವ ಭಾಗ್ಯ ಉಳಿದಿಬ್ಬರದು.

ಕಚೇರಿಗೆ ಬಂದು, ಗುರುತಿನ ಚೀಟಿಯನ್ನು ಬಾಗಿಲ ಯಂತ್ರಕ್ಕೆ ತೋರಿಸಿ, ಕಾಫಿ ಕುಡಿದು, ನಾಲ್ವರ ಕಣ್ಣಿಗೆ ಬಿದ್ದು ಮನೆಗೆ ಮರಳುವ ಹೊಸ ಕಲೆಗೆ ಕಾಫಿ ಬ್ಯಾಡ್ಜಿಂಗ್ ಎಂಬ ಹೆಸರಿದೆ. ಹಾಜರಾತಿ ಕಾರ್ಡನ್ನು ಪಂಚ್ ಮಾಡಿ ಕ್ಯಾಂಟೀನಿನಲ್ಲಿ ಲೀನರಾಗುವ ಮಹನೀಯರನ್ನು ಕಂಡಿರುವ ಯಾವ ಕಾರ್ಖಾನೆಯ ಊರಿಗೂ ಇದರಲ್ಲಿ ಹೊಸತೇನೂ ಇಲ್ಲ, ಹೆಸರೊಂದನ್ನು ಬಿಟ್ಟರೆ.

ಆದರೆ ಹಿರಿಯರಿಗೆ ನಿಜವಾಗಿ ಅರ್ಥವಾಗದಿರುವುದು ಬೇರೆಯೇ ಇದೆ. ಪಾಳಿ ಆರಂಭಕ್ಕೆ ಹೇಗೋ ಮುಗಿಯುವುದಕ್ಕೂ ಹಾಗೆ ಸೈರನ್ ಕೂಗುತ್ತಿತ್ತು; ಕೂಗಿದ ಮೇಲೆ ಯಂತ್ರ ಮುಂದಿನ ಪಾಳಿಯವನದು, ಸಂಜೆ ತನ್ನದು. 1948ರ ಫ್ಯಾಕ್ಟರಿ ಕಾಯ್ದೆ ಕಾರ್ಮಿಕನ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ಮಿತಿಗೊಳಿಸಿ, ಅದರಾಚೆಯ ಓವರ್‌ಟೈಮಿಗೆ ಇಮ್ಮಡಿ ಕೂಲಿ ಕೊಡಬೇಕೆಂದಿತ್ತು. ಮನೆಯಿಂದ ಕೆಲಸ ಮಾಡುವಾಗ ಹೋಗಿಬರುವ ಸಮಯ ಉಳಿಯಿತೆಂದು ಹಿಗ್ಗಿದ ಮಗ, ಉಳಿದದ್ದನ್ನು ಬಡ್ಡಿ ಸಮೇತ ಕಂಪನಿಗೇ ಅರ್ಪಿಸಿ ರಾತ್ರಿ ಹತ್ತಕ್ಕೂ ಮೀಟಿಂಗಿಗೆ ಕೂರುವುದನ್ನು ರೂಢಿಮಾಡಿಕೊಂಡ. ಈಗ ಕಚೇರಿಗೆ ಮರಳಿದ ಮೇಲೆ ಹೋಗಿಬರುವ ಸಮಯವೂ ಬಂದಿದೆ, ರಾತ್ರಿ ಹತ್ತರ ಮೀಟಿಂಗೂ ಉಳಿದಿದೆ. ಹಬ್ಬಕ್ಕೆ ಬಂದ ಮಗ ಹೋಳಿಗೆಯ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ತೆರೆದಾಗ, "ಇವತ್ತು ಡಬಲ್ ಪೇಮೆಂಟೇನೋ?" ಎಂದು ಕೇಳುವ ತಂದೆಗೆ ಕೊಡಲು ಅವನಲ್ಲಿ ಉತ್ತರವಿರುವುದಿಲ್ಲ. ನೌಕರರನ್ನು ಒಳಕ್ಕೆ ಕರೆಯಲು ಬೆರಳಚ್ಚಿನ ಯಂತ್ರವನ್ನೂ ಮುಖ ಗುರುತಿಸುವ ಕ್ಯಾಮೆರಾವನ್ನೂ ಕೂರಿಸಿರುವ ದೊಡ್ಡ ಮನಸ್ಸಿನ ಕಂಪನಿಗಳು, ಸಂಜೆ ಆರಕ್ಕೆ ಅವರನ್ನು ಹೊರಕ್ಕೆ ಕಳುಹಿಸಲು ಒಂದು ಸೈರನ್ನನ್ನೂ ಹಾಕಿಸಬೇಕು.